ಉಪಗ್ರಹ ಚಿತ್ರದ ಕೆಳಗೆ ಹೊತ್ತು ಹಾಕಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಕಾಳ್ಗಿಚ್ಚಿನ ಸುದ್ದಿಯ ಜೊತೆ ದೊಡ್ಡದೊಂದು ಚಿತ್ರ ಬಂದಿತ್ತು. ಅದರ ಕೆಳಗೆ ಇದ್ದದ್ದು ಎರಡೇ ಪದ: ‘ಉಪಗ್ರಹ ಚಿತ್ರ’. ಯಾವ ಉಪಗ್ರಹ, ಯಾವತ್ತು, ಎಷ್ಟು ಹೊತ್ತಿಗೆ ತೆಗೆದದ್ದು, ಏನೂ ಇಲ್ಲ. ನನ್ನ ಹೆಂಡತಿ ನಡುವಿನ ಕೆಂಪು ಕಲೆ ನೋಡಿ, ‘ಅಯ್ಯೋ, ಇಷ್ಟಗಲ ಉರೀತಿದೆಯಲ್ರೀ’ ಎಂದಳು. ಉರಿಯುತ್ತಿರಲಿಲ್ಲ. ಅದು ಆಗಲೇ ಸುಟ್ಟು ಕರಕಲಾದ ನೆಲ.

ನನಗೆ ಹೇಗೆ ಗೊತ್ತಾಯಿತು ಎಂದರೆ, ಅದೇ ಚಿತ್ರದ ಮೂಲೆಯಲ್ಲಿ ಹಿಮದ ಬೆಟ್ಟಗಳು ತಿಳಿನೀಲಿ ಬಣ್ಣದಲ್ಲಿದ್ದವು. ಹಿಮ ಬೆಳ್ಳಗಿರಬೇಕು, ಅಲ್ವಾ? ಕಾಡೂ ಕಣ್ಣು ಕುಕ್ಕುವಂಥ ಹಸಿರು. ಉಪಗ್ರಹದ ಉಪಕರಣ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಿಡಿಯುತ್ತದೆ. ಅದನ್ನು ನಮಗೆ ತೋರಿಸಬೇಕಾದರೆ ಕಾಣುವ ಬಣ್ಣವೊಂದನ್ನು ಹಚ್ಚಲೇಬೇಕು. ಹಾಗೆ ಹಚ್ಚಿದಾಗ ಸುಟ್ಟ ನೆಲ ಇಟ್ಟಿಗೆ ಕೆಂಪಾಗಿ ಎದ್ದು ಕಾಣುತ್ತದೆ. ತೆಳು ಹೊಗೆಯ ಹಿಂದಿದ್ದರೂ ಕಾಣುತ್ತದೆ. ಬಹಳ ಉಪಯೋಗದ ಚಿತ್ರ ಅದು, ನನ್ನ ತಕರಾರು ಚಿತ್ರದ ಮೇಲಲ್ಲ. ಬಣ್ಣ ಸಹಜವಲ್ಲ ಎಂದು ಹೇಳದೆ ಅಚ್ಚು ಹಾಕಿದ್ದರ ಮೇಲೆ.

ನಾನು ಮೂವತ್ತೊಂದು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು. ಟ್ರೇಸಿಂಗ್ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ನಕ್ಷೆ ಬರೆಯುವ ಕೆಲಸ. ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಸ್ಕೇಲ್, ಉತ್ತರದ ಬಾಣ, ಸರ್ವೆ ಆದ ತಾರೀಖು ಎಲ್ಲ ಅಲ್ಲಿ. ಚೌಕ ಖಾಲಿ ಬಿಟ್ಟರೆ ಮೇಲಿನವರು ನಕ್ಷೆಯ ಕಡೆ ಕಣ್ಣೂ ಹಾಯಿಸದೆ ವಾಪಸ್ ಕಳಿಸುತ್ತಿದ್ದರು. ಹೊಳೆ ಹರಿವು ಬದಲಿಸಿದರೆ ಹಳೆಯ ನಕ್ಷೆ ಸುಳ್ಳಾಗುತ್ತದೆ. ಹೊಳೆಗೆ ಅದಕ್ಕೆ ವರ್ಷಗಳೇ ಬೇಕು. ಬೆಂಕಿಗೆ ಒಂದು ಮಧ್ಯಾಹ್ನ ಸಾಕು.

ನಿವೃತ್ತನಾದ ಮೇಲೆ ದಿನಾ ಸಂಜೆ ಉಪಗ್ರಹ ಚಿತ್ರ ತೋರಿಸುವ ನಾಸಾದ ಜಾಲತಾಣ ವರ್ಲ್ಡ್‌ವ್ಯೂ ತೆರೆದು ಕೂರುವುದು ನನಗೆ ಚಟವಾಗಿದೆ. ದುಡ್ಡು ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಉಪಗ್ರಹ ನೋಡಿದ ಸುಮಾರು ಮೂರು ಗಂಟೆಯೊಳಗೆ ಹೆಚ್ಚಿನ ಚಿತ್ರಗಳು ಸಿಗುತ್ತವೆ. 2008ಕ್ಕೆ ಮುಂಚೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಒಂದೊಂದು ಚಿತ್ರಕ್ಕೂ ನೂರಾರು ಡಾಲರ್ ತೆರಬೇಕಿತ್ತು ಎಂದರೆ ಈಗಿನವರು ನಂಬುವುದಿಲ್ಲ.

ಮೊದಲ ದಿನ ಟೆರ್ರಾ ಉಪಗ್ರಹದ ಚಿತ್ರದಲ್ಲಿ ಸಮಭಾಜಕದ ಉದ್ದಕ್ಕೂ ಎಲೆಯಾಕಾರದ ಕಪ್ಪು ತುಂಡುಗಳು ಕಂಡವು. ಕಂಪ್ಯೂಟರ್ ಕೆಟ್ಟಿತು ಎಂದುಕೊಂಡು ಮೊಮ್ಮಗಳಿಗೆ ಫೋನ್ ಮಾಡಿದೆ. ಕೆಟ್ಟಿರಲಿಲ್ಲ. ಟೆರ್ರಾ ಸುಮಾರು 700 ಕಿಲೋಮೀಟರ್ ಮೇಲೆ ಸುತ್ತುತ್ತಾ ಒಂದು ಸಲಕ್ಕೆ 2,330 ಕಿಲೋಮೀಟರ್ ಅಗಲದ ಪಟ್ಟಿ ನೋಡುತ್ತದೆ. ಭೂಮಿಯ ನಡು ದಪ್ಪ. ಅಲ್ಲಿ ಪಕ್ಕಪಕ್ಕದ ಪಟ್ಟಿಗಳು ಒಂದಕ್ಕೊಂದು ತಾಗುವುದಿಲ್ಲ. ಆ ಕಪ್ಪು ಜಾಗ ಎಂದರೆ ‘ಇವತ್ತು ಇಲ್ಲಿ ನೋಡಿಲ್ಲ’ ಎಂದರ್ಥ. ಇಷ್ಟು ನೇರವಾಗಿ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಚಿತ್ರ ಅಪರೂಪ.

ಇನ್ನು ಬೆಂಕಿ ಎಲ್ಲಿದೆ ಎಂದು ನಕ್ಷೆಯ ಮೇಲೆ ತೋರಿಸುವ ಚುಕ್ಕಿಗಳು. ಇದರಲ್ಲೇ ಜನ ಜಾಸ್ತಿ ಮೋಸ ಹೋಗುವುದು, ನಾನೂ ಹೋಗಿದ್ದೇನೆ. ಸುವೋಮಿ ಎನ್‌ಪಿಪಿ ಉಪಗ್ರಹದ ಒಂದು ಕೆಂಪು ಚುಕ್ಕಿ ಎಂದರೆ 375 ಮೀಟರ್ ಚೌಕದೊಳಗೆ ಎಲ್ಲೋ ಸುತ್ತಲಿಗಿಂತ ತೀರಾ ಬಿಸಿಯಾದದ್ದು ಏನೋ ಇದೆ ಎಂದಷ್ಟೇ. ಚೌಕ ಪೂರ್ತಿ ಉರಿಯುತ್ತಿದೆ ಎಂದಲ್ಲ. ಜ್ವಾಲಾಮುಖಿಯೂ ಚುಕ್ಕಿಯಾಗುತ್ತದೆ, ಎಣ್ಣೆ ಬಾವಿಯಲ್ಲಿ ಉರಿಸುವ ಗ್ಯಾಸೂ ಆಗುತ್ತದೆ. ಆ ಉಪಗ್ರಹ ಸಮಭಾಜಕ ದಾಟುವುದು ಆಯಾ ಜಾಗದ ಮಧ್ಯಾಹ್ನ 1.30ರ ಸುಮಾರಿಗೆ, ಮತ್ತೆ ರಾತ್ರಿ ಅದೇ ಹೊತ್ತಿಗೆ. ನಾಲ್ಕಕ್ಕೆ ಹಚ್ಚಿ ಏಳಕ್ಕೆ ಆರಿದ ಬೆಂಕಿಗೆ ಅದರ ಲೆಕ್ಕದಲ್ಲಿ ಚುಕ್ಕಿಯೇ ಇಲ್ಲ. ಹಾಗಾಗಿ ‘ನಿನ್ನೆಗಿಂತ ಬೆಂಕಿ ಕಡಿಮೆ’ ಎಂದು ಬರೆಯುವ ಮುಂಚೆ, ಮೋಡ ಇತ್ತಾ, ಉಪಗ್ರಹ ಹೋದ ಮೇಲೆ ಹಚ್ಚಿದರಾ ಎಂದು ಕೇಳಬೇಕು.

ನಾನು ಮೋಸ ಹೋದದ್ದು 2020ರ ಜನವರಿಯಲ್ಲಿ. ಆಸ್ಟ್ರೇಲಿಯಾದ ಅಂಚೆಲ್ಲ ಕೆಂಡದಂತೆ ಹೊಳೆಯುವ ಚಿತ್ರವೊಂದು ಫೋನಿಗೆ ಬಂತು. ಹಿಂದೆ ಮುಂದೆ ನೋಡದೆ ನಮ್ಮ ಮನೆಯವರ ಗುಂಪಿಗೆಲ್ಲ ಕಳಿಸಿದೆ. ಸ್ವಲ್ಪ ಹೊತ್ತಿಗೆ ಮೊಮ್ಮಗಳ ಉತ್ತರ: ‘ತಾತ, ಇದು ಫೋಟೋನೇ ಅಲ್ಲ.’ ಸುಮಾರು ಒಂದು ತಿಂಗಳ ಬೆಂಕಿ ಚುಕ್ಕಿಗಳನ್ನೆಲ್ಲ ಒಟ್ಟುಗೂಡಿಸಿ ಕಲಾವಿದರೊಬ್ಬರು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅದು. ಅವರೇನೂ ಸುಳ್ಳು ಹೇಳಿರಲಿಲ್ಲ. ಕೈಯಿಂದ ಕೈಗೆ ಬರುವಷ್ಟರಲ್ಲಿ ವಿವರದ ಸಾಲು ಉದುರಿಹೋಗಿತ್ತು. ಆ ವರ್ಷದ ಬೆಂಕಿ ನಿಜಕ್ಕೂ ಭೀಕರವಾಗಿತ್ತು. ಆದರೆ ಅದನ್ನು ನಂಬದವರಿಗೆ ನಾನು ಕಳಿಸಿದ ಚಿತ್ರ ಒಳ್ಳೆಯ ನೆಪವಾಯಿತು. ನಕ್ಷೆ ಬರೆದವನಿಗೇ ಈ ಗತಿ! ಮೊಮ್ಮಗಳು ಈಗಲೂ ಆಡಿಕೊಳ್ಳುತ್ತಾಳೆ.

ಯಾವುದು ಕಾಣುವುದಿಲ್ಲ ಎಂಬುದನ್ನು ಕಾಡು ಕಡಿಯುವವರು ನಮಗಿಂತ ಚೆನ್ನಾಗಿ ಕಲಿತಿದ್ದಾರೆ. ಬ್ರೆಜಿಲ್ 2004ರಲ್ಲಿ ಅಮೆಜಾನ್ ಮೇಲೆ ಕಣ್ಣಿಡಲು ಡೆಟರ್ ಎಂಬ ವ್ಯವಸ್ಥೆ ಶುರು ಮಾಡಿತು. ಕಾಡು ಬೋಳಾದ ಸುಳಿವು ಸಿಕ್ಕ ಕೂಡಲೇ ಅಧಿಕಾರಿಗಳಿಗೆ ಸುದ್ದಿ ಹೋಗುತ್ತಿತ್ತು. 2004ರಲ್ಲಿ 27,000 ಚದರ ಕಿಲೋಮೀಟರಿಗೂ ಮೀರಿದ್ದ ಕಾಡುನಾಶ 2012ರಲ್ಲಿ 5,000ಕ್ಕಿಂತ ಕೆಳಗೆ ಬಂತು. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಡೆಟರ್ ಕಣ್ಣಿಗೆ ಆಗ ಬೀಳುತ್ತಿದ್ದದ್ದು 25 ಹೆಕ್ಟೇರಿಗಿಂತ ದೊಡ್ಡ ಬಯಲು ಮಾತ್ರ. ಕಡಿಯುವವರು ಚಿಕ್ಕ ಚಿಕ್ಕ ತುಂಡುಗಳಾಗಿ ಕಡಿಯತೊಡಗಿದರು. ಮಳೆಗಾಲದ ಮೋಡವೂ ಅವರಿಗೆ ಮರೆಯಾಯಿತು. ಮೋಡದ ಆಚೆ ನೋಡಲು ರೇಡಾರ್ ಇರುವ ಸೆಂಟಿನೆಲ್-1ರಂಥ ಉಪಗ್ರಹಗಳು ಬೇಕು. ಅವುಗಳ ಚಿತ್ರ ಕಪ್ಪು ಬಿಳುಪು, ನೋಡಲು ಚೆಂದವಿಲ್ಲ. ಪತ್ರಿಕೆಗಳು ಅಚ್ಚು ಹಾಕದಿರಲು ಅದೇ ಕಾರಣವೋ ಏನೋ.

ನಾನು ಕೇಳುವುದು ಒಂದು ಸಾಲಿನಷ್ಟು ಜಾಗ. ಉಪಗ್ರಹದ ಹೆಸರು, ತಾರೀಖು, ಹೊತ್ತು, ಬಣ್ಣ ಸಹಜವೋ ಹಚ್ಚಿದ್ದೋ, ಒಂದೇ ದಿನದ್ದೋ ಹಲವು ದಿನ ಸೇರಿಸಿದ್ದೋ. ವರ್ಲ್ಡ್‌ವ್ಯೂನಲ್ಲಿ ಉಪಗ್ರಹದ ಹೆಸರೂ ತಾರೀಖೂ ಚಿತ್ರದ ಪಕ್ಕದಲ್ಲೇ ಇರುತ್ತವೆ, ಹುಡುಕುವ ಕಷ್ಟವೂ ಇಲ್ಲ. ಮೋಡ ಮುಚ್ಚಿ ಏನೂ ಕಾಣದ ದಿನ ಹಳೆಯ ಚಿತ್ರವನ್ನೇ ಮತ್ತೆ ಹಾಕಬೇಡಿ. ‘ಇವತ್ತು ಮೋಡ, ಕಾಣಲಿಲ್ಲ’ ಎಂದು ಹಾಕಿ, ಸಾಕು.

ಇಂತಿ,
ನಿವೃತ್ತ ಡ್ರಾಫ್ಟ್ಸ್‌ಮನ್, ನಿಮ್ಮ ಹಳೆಯ ಓದುಗ