8.45ಕ್ಕೆ ರಕ್ತ ತೆಗೆದಿಲ್ಲ, ಆ ರಿಪೋರ್ಟ್ ತಿದ್ದಿಕೊಡಿ

ಇವರಿಂದ:
ರೋಗಿಯ ತಂಗಿ,
ವಿಜಯನಗರ, ಬೆಂಗಳೂರು

ಇವರಿಗೆ:
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು ಮತ್ತು ಲ್ಯಾಬ್ ಮುಖ್ಯಸ್ಥರು,
ಮನೆಗೆ ಬಂದು ರಕ್ತ ಸಂಗ್ರಹಿಸುವ ಸೇವೆ, ಬೆಂಗಳೂರು

ವಿಷಯ: ರಕ್ತದಲ್ಲಿ ಟ್ಯಾಕ್ರೋಲಿಮಸ್ ಎಂಬ ಔಷಧಿಯ ಲೆವೆಲ್ ತಿಳಿಸುವ ರಿಪೋರ್ಟಿನಲ್ಲಿ ರಕ್ತ ತೆಗೆದ ಸಮಯವನ್ನು ತಪ್ಪಾಗಿ ದಾಖಲಿಸಿರುವ ಬಗ್ಗೆ

ಮಾನ್ಯರೇ,

ನನ್ನ ಅಣ್ಣನಿಗೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗಿ ಇವತ್ತಿಗೆ 83 ದಿನ. ನಮ್ಮ ಮನೆಯಲ್ಲಿ ಈಗ ಯಾರೂ ತಾರೀಖು ಕೇಳುವುದಿಲ್ಲ. ಇವತ್ತು ಎಷ್ಟನೇ ದಿನ ಅಂತ ಕೇಳುತ್ತೇವೆ. ಹಾಗಾಗಿ ಈ ಪತ್ರದಲ್ಲೂ ಅದೇ ಲೆಕ್ಕ ಇರುತ್ತದೆ. ಬುಕಿಂಗ್ ನಂಬರ್, ತಾರೀಖು ಎಲ್ಲ ಜೊತೆಗಿಟ್ಟ ಹಾಳೆಯಲ್ಲಿವೆ.

58ನೇ ದಿನ ನಿಮ್ಮ ಕಡೆಯ ಹುಡುಗ ಅಣ್ಣನ ರಕ್ತ ತೆಗೆದದ್ದು ಬೆಳಿಗ್ಗೆ 10.50ಕ್ಕೆ. ನಿಮ್ಮ ರಿಪೋರ್ಟಿನಲ್ಲಿ 8.45 ಅಂತ ಅಚ್ಚಾಗಿದೆ. ನನ್ನ ದೂರು ಇದೇ. ಎರಡು ಗಂಟೆ ಆಚೀಚೆ ಆದರೆ ಏನಾಯ್ತು ಅಂತ ನಿಮಗೆ ಅನಿಸಬಹುದು. ಏನಾಯ್ತು ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಅಣ್ಣನಿಗೆ ಇದ್ದದ್ದು ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್. ಕೀಮೋ ಆದ ಮೇಲೆ ಟ್ರಾನ್ಸ್‌ಪ್ಲಾಂಟ್ ಮಾಡಲೇಬೇಕು ಅಂದರು. ಅದಕ್ಕೆ ಹೊಂದುವ ದಾನಿಯ ರಕ್ತದ ಮೂಲಕೋಶಗಳು ಬೇಕು. ನಾವು ಮೂವರು ಮಕ್ಕಳು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಮ್ಮನದು ಹೊಂದಲಿಲ್ಲ, ನನ್ನದು ಹೊಂದಿತು. ಆ ಕೋಶಗಳು ರಕ್ತಕ್ಕೆ ಬರಲಿ ಅಂತ ಐದು ದಿನ ಇಂಜೆಕ್ಷನ್ ತಗೊಂಡೆ. ಸೊಂಟ, ಬೆನ್ನು ಎಲ್ಲ ಜ್ವರ ಬಂದ ಹಾಗೆ ನೋಯುತ್ತಿತ್ತು. ಆಮೇಲೆ ಗಂಟೆಗಟ್ಟಲೆ ಮೆಷಿನ್ ಪಕ್ಕ ಮಲಗಿದೆ. ಕೊನೆಗೆ ಒಂದು ಸಣ್ಣ ಚೀಲದಲ್ಲಿ, ಟೊಮೆಟೊ ಸಾರಿನ ಬಣ್ಣದ ರಕ್ತಕೋಶಗಳು ಸಿಕ್ಕವು. ಅದನ್ನು ಅಣ್ಣನಿಗೆ ರಕ್ತ ಏರಿಸುವ ಹಾಗೆಯೇ ಏರಿಸಿದರು. ಅದು ಸೊನ್ನೆಯ ದಿನ. ಕೆಲವು ದಿನ ಅವನ ಕೌಂಟ್ ಪಾತಾಳದಲ್ಲಿತ್ತು. ಬಾಯೆಲ್ಲ ಹುಣ್ಣು, ಎಂಜಲು ನುಂಗುವುದಕ್ಕೂ ಆಗುತ್ತಿರಲಿಲ್ಲ. ಸೋಂಕು ತಡೆಯುವ ಬಿಳಿ ರಕ್ತಕಣ, ನ್ಯೂಟ್ರೋಫಿಲ್, ಮೂರು ದಿನ ಸತತವಾಗಿ 500 ದಾಟಿದಾಗ ಡಾಕ್ಟರ್ "ಹಿಡ್ಕೊಂಡಿದೆ" ಅಂದರು. ನನ್ನ ಕೋಶಗಳು ಅವನ ಮೈಯಲ್ಲಿ ಬೇರೂರಿವೆ ಅಂತ ಅರ್ಥ. ಆವತ್ತು 16ನೇ ದಿನ. ಅತ್ತಿಗೆ ಆಸ್ಪತ್ರೆ ಕಾರಿಡಾರಿನಲ್ಲೇ ಕೂತು ಅತ್ತುಬಿಟ್ಟರು.

ಮನೆಗೆ ಬಂದ ಮೇಲೆ ಕಾಯಿಲೆ ಮುಗಿಯಿತು ಅಂತ ನೆಂಟರು ತಿಳಿಯುತ್ತಾರೆ. ಹಾಗಲ್ಲ. ನನ್ನ ರಕ್ತಕೋಶಗಳು ಅಣ್ಣನ ಮೈಯಲ್ಲಿ ಹೊಸಬರು. ಅವನ ಚರ್ಮ, ಕರುಳು, ಲಿವರ್ ಅವಕ್ಕೆ ಪರಕೀಯ. ಅವು ಅವನ ಮೈಮೇಲೇ ತಿರುಗಿಬೀಳಬಹುದು. ಅದಕ್ಕೆ ಜಿವಿಹೆಚ್‌ಡಿ ಅನ್ನುತ್ತಾರೆ. ಅದು ಬರದಂತೆ ತಡೆಯುವುದಕ್ಕೆ ಟ್ಯಾಕ್ರೋಲಿಮಸ್ ಕೊಡುತ್ತಾರೆ, ಬೆಳಿಗ್ಗೆ 9ಕ್ಕೆ, ರಾತ್ರಿ 9ಕ್ಕೆ. ಇದು ಜಾಸ್ತಿ ಆದರೆ ಕಿಡ್ನಿ ಕೆಡುತ್ತದೆ, ಕೈ ನಡುಗುತ್ತದೆ, ಬಿಪಿ ಏರುತ್ತದೆ. ಕಡಿಮೆ ಆದರೆ ಜಿವಿಹೆಚ್‌ಡಿ ಬರುವ ಭಯ. ಈ ಮಾತ್ರೆಗೋಸ್ಕರ ನಾವು ಎಷ್ಟು ಹುಷಾರಾಗಿದ್ದೆವು ಅಂದರೆ, ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ತಂದ ದೇವನಹಳ್ಳಿ ಚಕ್ಕೋತವನ್ನು ಕೈಮುಗಿದು ವಾಪಸ್ ಕೊಟ್ಟೆವು. ಚಕ್ಕೋತ ತಿಂದರೆ ರಕ್ತದಲ್ಲಿ ಈ ಔಷಧಿ ಏರಬಹುದಂತೆ. ಸೋಂಕು ತಗಲಬಾರದು ಅಂತ ಹಸಿ ಕೋಸಂಬರಿ ಇಲ್ಲ. ಹೊರಗಿನ ಮೊಸರು ಇಲ್ಲ. ಪಾರಿವಾಳ ಕೂರದ ಹಾಗೆ ಬಾಲ್ಕನಿಗೆ ಬಲೆ ಕಟ್ಟಿಸಿದೆವು. ತುಳಸಿ ಕುಂಡವನ್ನೂ ಟೆರೇಸಿಗೆ ಸಾಗಿಸಿದೆವು, ಮಣ್ಣಿನ ಫಂಗಸ್ ಶ್ವಾಸಕೋಶಕ್ಕೆ ಹೋಗಬಾರದು ಅಂತ.

ಈ ಔಷಧಿಯ ಲೆವೆಲ್ ನೋಡುವುದಕ್ಕೆ ರಕ್ತ ತೆಗೆಯುವ ಹೊತ್ತು ಬಹಳ ಮುಖ್ಯ. ಮಾತ್ರೆ ನುಂಗಿದ ಒಂದರಿಂದ ಮೂರು ಗಂಟೆಯೊಳಗೆ ಅದು ರಕ್ತದಲ್ಲಿ ಮೇಲಕ್ಕೇರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಡಾಕ್ಟರಿಗೆ ಬೇಕಾದದ್ದು ಹನ್ನೆರಡು ಗಂಟೆ ಕಳೆದ ಮೇಲೆ, ಮುಂದಿನ ಮಾತ್ರೆಗೆ ಮುಂಚೆ ಉಳಿದಿರುವ ಮಟ್ಟ. ಮಾತ್ರೆ ನುಂಗಿದ ಮೇಲೆ ರಕ್ತ ತೆಗೆದರೆ, ಕಾವೇರಿ ನೀರು ಬಿಟ್ಟ ಹೊತ್ತಿನಲ್ಲಿ ನೀರಿನ ಸಂಪಿನೊಳಗೆ ಇಣುಕಿ ಇವರ ಮನೆಯಲ್ಲಿ ನೀರಿಗೆ ಬರವೇ ಇಲ್ಲ ಅಂದ ಹಾಗಾಗುತ್ತದೆ.

ನಮ್ಮ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿದೆ, ಸಿಲ್ಕ್ ಬೋರ್ಡ್ ದಾಟಿ ಹೋಗಬೇಕು. ಬೆಳಗಿನ ಟ್ರಾಫಿಕ್ಕಿನಲ್ಲಿ, ಆಮೇಲೆ ಓಪಿಡಿ ಜನಸಂದಣಿಯಲ್ಲಿ ಅಣ್ಣನನ್ನು ಕೂರಿಸುವುದು ಬೇಡ ಅಂತ ವಾರಕ್ಕೊಂದು ಪರೀಕ್ಷೆಗೆ ನಿಮ್ಮನ್ನು ನಂಬಿದೆವು. ಮೊದಲ ಮೂರು ಸಲ ನಿಮ್ಮವರು ಸರಿಯಾದ ಸಮಯಕ್ಕೆ ಬಂದರು. ಅದನ್ನೂ ಹೇಳಬೇಕು.

58ನೇ ದಿನ ನಮಗೆ ಸಿಕ್ಕಿದ್ದ ಸ್ಲಾಟ್ 8.30ರಿಂದ 9. 9.10 ಆದರೂ ಯಾರೂ ಬರಲಿಲ್ಲ. ನಾನು ಶಾಲೆಯಲ್ಲಿದ್ದೆ, ಪಾಠ ಮಾಡುತ್ತಿದ್ದೆ. ಮನೆಯಲ್ಲಿ ಅತ್ತಿಗೆ ಒಬ್ಬರೇ. ನಿಮ್ಮ ಕಸ್ಟಮರ್ ಕೇರಿಗೆ ಫೋನ್ ಮಾಡಿ, "ಮಾತ್ರೆ ಕೊಡೋ ಟೈಮ್ ಆಯ್ತು, ಇನ್ನೂ ರಕ್ತ ತೆಗೆದಿಲ್ಲ, ಏನ್ ಮಾಡ್ಲಿ?" ಅಂತ ಕೇಳಿದ್ದಾರೆ. ಆ ಕಡೆಯಿಂದ ಬಂದ ಉತ್ತರ: "ಇದು ಫಾಸ್ಟಿಂಗ್ ಟೆಸ್ಟ್ ಅಲ್ಲ ಮೇಡಂ, ತಿಂಡಿ ಮಾತ್ರೆ ಎಲ್ಲ ಕೊಡ್ಬಹುದು, ಏನೂ ತೊಂದ್ರೆ ಇಲ್ಲ." ಅತ್ತಿಗೆ ಎರಡು ಸಲ ಕೇಳಿದರಂತೆ. ಎರಡು ಸಲವೂ ಅದೇ ಉತ್ತರ. 9.30ಕ್ಕೆ ಮಾತ್ರೆ ಕೊಟ್ಟರು. 10.41ಕ್ಕೆ ನಿಮ್ಮ ಹುಡುಗ ದಾರಿ ಕೇಳಲು ಫೋನ್ ಮಾಡಿದ್ದಾನೆ. ಎರಡೂ ಕರೆಗಳ ಸ್ಕ್ರೀನ್‌ಶಾಟ್ ಜೊತೆಗಿದೆ. ರಕ್ತ ತೆಗೆಯುವ ಮುಂಚೆ ಅತ್ತಿಗೆ ಅವನಿಗೂ ಹೇಳಿದ್ದಾರೆ, ಮಾತ್ರೆ ಕೊಟ್ಟಾಗಿದೆ ಅಂತ. "ಲ್ಯಾಬಿಗೆ ಹೇಳ್ತೀನಿ ಅಕ್ಕ" ಅಂದನಂತೆ.

ಸಂಜೆ ರಿಪೋರ್ಟ್ ಬಂತು. ಮಿಲಿಲೀಟರಿಗೆ 21.4 ನ್ಯಾನೋಗ್ರಾಂ. ಅಣ್ಣನಿಗೆ ಡಾಕ್ಟರ್ ಹಾಕಿಕೊಟ್ಟಿದ್ದ ಗುರಿ 8ರಿಂದ 12. ಅವರು ಏನು ನೋಡಬೇಕು ಹೇಳಿ? ರಕ್ತ ತೆಗೆದದ್ದು 8.45, ಮಾತ್ರೆ 9ಕ್ಕೆ. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕಿಡ್ನಿ ಉಳಿಸಬೇಕಲ್ವಾ? ಆ ರಾತ್ರಿಯ ಮಾತ್ರೆ ನಿಲ್ಲಿಸಿ, ಮರುದಿನದಿಂದ ಡೋಸ್ ಅರ್ಧಕ್ಕೆ ಇಳಿಸಿದರು. ತಡವಾಗಿ ರಕ್ತ ಕೊಟ್ಟ ವಿಷಯವನ್ನು ನಾವೂ ಆಸ್ಪತ್ರೆಗೆ ತಿಳಿಸಬೇಕಿತ್ತು. ಲ್ಯಾಬಿನವರು ಬರೆದಿರುತ್ತಾರೆ ಅಂದುಕೊಂಡೆವು. ಅದು ನಮ್ಮ ತಪ್ಪು. ಅತ್ತಿಗೆ ಇವತ್ತಿಗೂ ಅದನ್ನು ನೆನೆದು ನಿದ್ದೆ ಮಾಡುವುದಿಲ್ಲ.

64ನೇ ದಿನ ಅಣ್ಣನ ಅಂಗೈ ಕೆಂಪಾಯಿತು. ಸಂಜೆಗೆ ಕಿವಿಯ ಹಿಂದೆ, ಪಾದದಲ್ಲಿ. ಮರುದಿನದ ಪರೀಕ್ಷೆಯಲ್ಲಿ ಲೆವೆಲ್ 3.6. 66ನೇ ದಿನ ಅಡ್ಮಿಟ್ ಮಾಡಿದೆವು, ಚರ್ಮದ ಜಿವಿಹೆಚ್‌ಡಿ ಅಂದರು. ಸ್ಟೀರಾಯ್ಡ್ ಶುರುವಾಯಿತು. ಅದರಿಂದ ಶುಗರ್ ಏರಿ ಈಗ ಇನ್ಸುಲಿನ್ ಕೂಡ ನಡೆಯುತ್ತಿದೆ. ಲೆವೆಲ್ ಇಳಿದದ್ದರಿಂದಲೇ ಇದು ಬಂತು ಅಂತ ಖಚಿತವಾಗಿ ಹೇಳಲಾಗದು, ಲೆವೆಲ್ ಸರಿಯಿದ್ದರೂ ಕೆಲವರಿಗೆ ಬರುತ್ತದೆ ಅಂತ ಡಾಕ್ಟರ್ ನನಗೆ ಬಿಡಿಸಿ ಹೇಳಿದ್ದಾರೆ. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಳಿಸಬಾರದಿದ್ದ ಡೋಸನ್ನು ಇಳಿಸುವ ಹಾಗೆ ಮಾಡಿದ್ದು ನಿಮ್ಮ ರಿಪೋರ್ಟ್. ಅದರಲ್ಲಿ ಯಾವ ಅನುಮಾನವೂ ಇಲ್ಲ.

ಅವನ ಮೈ ಕೆರೆದು ಕೆಂಪಾದಾಗ ಅದನ್ನು ಮಾಡುತ್ತಿದ್ದದ್ದು ನಾನು ಕೊಟ್ಟ ರಕ್ತಕೋಶಗಳು. ಅದು ನನ್ನ ತಪ್ಪಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತು. ಆದರೂ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಅವನ ಕೈ ನೋಡುವುದಕ್ಕೆ ನನಗೆ ಆಗಲಿಲ್ಲ. ಅವನಿಗೆ ಆರು ವರ್ಷದ ಮಗಳಿದ್ದಾಳೆ. ಶಾಲೆಯಿಂದ ನೆಗಡಿ ಕೆಮ್ಮು ತರಬಾರದು ಅಂತ ತುಮಕೂರಿನಲ್ಲಿ ಅಜ್ಜಿ ಮನೆಯಲ್ಲಿ ಇಟ್ಟಿದ್ದೇವೆ. ನೂರನೇ ದಿನ ಕರೆದುಕೊಂಡು ಬರುತ್ತೇವೆ ಅಂತ ಮಾತು ಕೊಟ್ಟಿದ್ದೆವು. ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಹಾಕುತ್ತಾಳಂತೆ. ಸ್ಟೀರಾಯ್ಡ್ ಮುಗಿಯುವವರೆಗೆ ಬೇಡ ಅಂತ ಈಗ ಡಾಕ್ಟರ್ ಹೇಳಿದ್ದಾರೆ. ಅವಳಿಗೆ ನಾವು ಇನ್ನೂ ಹೇಳಿಲ್ಲ.

67ನೇ ದಿನ ವಾರ್ಡಿನಲ್ಲಿ ಫೈಲ್ ತಿರುವುವಾಗ ಆ 8.45 ನನ್ನ ಕಣ್ಣಿಗೆ ಬಿತ್ತು. ಮರುದಿನವೇ ನಿಮ್ಮ ಆ್ಯಪಿನಲ್ಲಿ ದೂರು ಕೊಟ್ಟೆ. "ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಒಂದು ಸಾಲು, ಮುಂದಿನ ಫುಲ್ ಬಾಡಿ ಚೆಕಪ್‌ಗೆ ರಿಯಾಯಿತಿ ಕೂಪನ್. ಟಿಕೆಟ್ ಕ್ಲೋಸ್. ಆ ಉತ್ತರ ಓದಿ ನನಗಾದ ಸಂಕಟವನ್ನು ಇಲ್ಲಿ ಬರೆಯಲಾರೆ. ನಮಗೆ ಕೂಪನ್ ಬೇಡ, ದುಡ್ಡು ವಾಪಸ್ ಕೂಡ ಬೇಡ.

ರಕ್ತ ತೆಗೆದ ಹುಡುಗನ ಹತ್ತಿರ ನಾನೇ ಮಾತಾಡಿದೆ. ಅವನ ಮೇಲೆ ಕ್ರಮ ತಗೋಬೇಡಿ, ಇದು ನನ್ನ ಕಳಕಳಿಯ ವಿನಂತಿ. ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು, ಕೀಮೋದಿಂದ ಬತ್ತಿಹೋದ ನರದಲ್ಲಿ ಒಂದೇ ಚುಚ್ಚಿಗೆ ರಕ್ತ ತೆಗೆದಿದ್ದಾನೆ. ಆ ಬೆಳಿಗ್ಗೆ ಅವನಿಗೆ ನೀವು ಕೊಟ್ಟದ್ದು ಹದಿನಾಲ್ಕು ಮನೆ. ಸ್ಲಾಟ್ ಮೀರಿದ ಸಮಯ ಹಾಕಿದರೆ ಇನ್ಸೆಂಟಿವ್ ಕಟ್ ಆಗುತ್ತದಂತೆ. ಅದಕ್ಕೇ ಎಲ್ಲರೂ ಸ್ಲಾಟಿನೊಳಗಿನ ಸಮಯವನ್ನೇ ಹಾಕುತ್ತಾರಂತೆ. ಹಾಗಾದರೆ ಇದು ನಮ್ಮ ಮನೆಯೊಂದರ ಕಥೆಯಲ್ಲ. ಕಿಡ್ನಿ ಕಸಿ ಆದವರೂ ಇದೇ ಮಾತ್ರೆ ತಗೊಳ್ಳುತ್ತಾರೆ, ಅವರೂ ನಿಮ್ಮಲ್ಲೇ ಪರೀಕ್ಷೆ ಮಾಡಿಸುತ್ತಿರಬಹುದು.

ಮೊದಲು, 58ನೇ ದಿನದ ರಿಪೋರ್ಟನ್ನು ನಿಜವಾದ ಸಮಯ ಮತ್ತು ಮಾತ್ರೆ ಕೊಟ್ಟ ಸಮಯದೊಂದಿಗೆ ತಿದ್ದಿ, ಲ್ಯಾಬ್ ಡಾಕ್ಟರ ಸಹಿ ಹಾಕಿ ಕೊಡಿ. ಆ 21.4 ಅಣ್ಣನ ಫೈಲಿನಲ್ಲಿ ಸುಳ್ಳು ಸಮಯದ ಜೊತೆ ಉಳಿದರೆ, ನಾಳೆ ಇನ್ನೊಬ್ಬ ಡಾಕ್ಟರ್ ಅದನ್ನು ನಂಬುತ್ತಾರೆ. ಔಷಧಿ ಲೆವೆಲ್ ಪರೀಕ್ಷೆಗಳಿಗೆ ಬುಕಿಂಗಿನಲ್ಲೇ ಕೊನೆಯ ಡೋಸ್ ಯಾವಾಗ ಅಂತ ಕೇಳಿ. ಅಂಥ ಮನೆಗಳಿಗೆ ರಕ್ತ ತೆಗೆಯುವ ಹುಡುಗರನ್ನು ಮೊದಲು ಕಳಿಸಿ, ತಡವಾದರೆ ನಿಜವಾದ ಸಮಯ ಬರೆದದ್ದಕ್ಕೆ ಅವರ ಸಂಬಳಕ್ಕೆ ಕೈ ಹಾಕಬೇಡಿ. ಮಾತ್ರೆ ಕೊಡಬಹುದಾ ಅಂತ ಫೋನಿನಲ್ಲಿ ಕೇಳಿದವರಿಗೆ "ನಿಮ್ಮ ಡಾಕ್ಟರನ್ನು ಕೇಳಿ" ಅನ್ನುವುದನ್ನು ಕಸ್ಟಮರ್ ಕೇರಿನವರಿಗೆ ಕಲಿಸಿ. ಅಷ್ಟು ಹೇಳಿದ್ದರೆ ಅತ್ತಿಗೆ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಶಾಲೆಗೆ ರಜೆ ಹಾಕಿ ಅಲೆಯುವುದಕ್ಕೂ ತಯಾರಿದ್ದೇನೆ.

ಆದರೆ ತಿದ್ದಿದ ರಿಪೋರ್ಟಿಗೆ 15 ದಿನ ತಗೋಬೇಡಿ. ಗುರುವಾರ ಅಣ್ಣನ ಮುಂದಿನ ಲೆವೆಲ್ ಪರೀಕ್ಷೆ. ಈ ಸಲ ಬೆಳಿಗ್ಗೆ 6ಕ್ಕೇ ಹೊರಟು ನಾವೇ ಆಸ್ಪತ್ರೆಗೆ ಹೋಗುತ್ತಿದ್ದೇವೆ, ಮಾತ್ರೆ ಡಬ್ಬಿ ನನ್ನ ಬ್ಯಾಗಿನಲ್ಲಿರುತ್ತದೆ. ಬುಧವಾರ ಸಂಜೆಯೊಳಗೆ ರಿಪೋರ್ಟ್ ಕಳಿಸಿದರೆ ಫೈಲಿಗೆ ಸೇರಿಸಿಕೊಂಡು ಹೋಗುತ್ತೇನೆ.

ಇತಿ,
ರೋಗಿಯ ತಂಗಿ

ಲಗತ್ತು: 58 ಮತ್ತು 65ನೇ ದಿನದ ರಿಪೋರ್ಟುಗಳು, ಫೋನ್ ಕರೆಗಳ ಸ್ಕ್ರೀನ್‌ಶಾಟ್, ಡಿಸ್ಚಾರ್ಜ್ ಸಾರಾಂಶ, ಬುಕಿಂಗ್ ವಿವರ