ಸೀನನಿಗೆ: ಜಮೈಕಾದ ಬಂಡಿ ಮಗುಚಿದ್ದು ನೆನಪಿದೆ, ಹದಿನಾಲ್ಕನೇ ಸ್ಥಾನ ಯಾಕೆ ನೆನಪಿಲ್ಲ?

ಪ್ರೀತಿಯ ಸೀನ,

ನೀನು ಕಳಿಸಿದ ವಿಡಿಯೊ ನೋಡಿದೆ. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್, ಜಮೈಕಾದ ನಾಲ್ವರ ಬಾಬ್‌ಸ್ಲೆಡ್ (ಐಸ್ ಹಾದಿಯಲ್ಲಿ ಇಳಿಜಾರಿಗೆ ಜಾರೋ ಬಂಡಿ) ಮಗುಚಿ ಐಸ್ ಗೋಡೆಗೆ ಉಜ್ಜಿಕೊಂಡು ಹೋಗೋದು. 'ಎದೆ ತುಂಬಿ ಬಂತು' ಅಂದಿದ್ದೀಯ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಇದನ್ನು ನೋಡಿ ಎದೆ ತುಂಬಿದವರು ಬೇಕಾದಷ್ಟು ಜನ ಇದ್ದಾರೆ, ಅವರೂ ಓದಲಿ ಅಂತ ಇಲ್ಲೇ ಬರೀತಿದ್ದೀನಿ.

ಅದು ಮೂರನೇ ಓಟ. ಪೈಲಟ್ ಡಡ್ಲಿ ಸ್ಟೋಕ್ಸ್ ಜಮೈಕಾದ ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದವರು, ಬಾಬ್‌ಸ್ಲೆಡ್ ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಅವರ ತಮ್ಮ ಕ್ರಿಸ್ ಬಂದಿದ್ದೇ ಅಣ್ಣನ ಸ್ಪರ್ಧೆ ನೋಡೋಕೆ; ಅಲ್ಲಿ ಕಾಲಿಟ್ಟ ಮೇಲೆ ತಂಡಕ್ಕೆ ಸೇರಿಸಿಕೊಂಡರು. ಈ ಬಂಡಿಗೆ ಸ್ಟೀರಿಂಗ್ ಚಕ್ರ ಇರೋದಿಲ್ಲ. ಎರಡು ಹಗ್ಗ, ತುದಿಗೊಂದೊಂದು ಹಿಡಿ. ಬಲಗೈ ಎಳೆದರೆ ಮುಂದಿನ ರನ್ನರ್‌ಗಳು, ಅಂದರೆ ಬಂಡಿಯ ಅಡಿಯಲ್ಲಿ ಐಸ್ ಮೇಲೆ ಜಾರೋ ಪಟ್ಟಿಗಳು, ಒಂಚೂರು ಬಲಕ್ಕೆ ಹೊರಳುತ್ತವೆ, ಅಷ್ಟೇ. ತಿರುವಿಗೆ ತಡವಾಗಿ ನುಗ್ಗಿದರೆ ಬಂಡಿ ಗೋಡೆಯ ಮೇಲೆ ತೀರಾ ಎತ್ತರಕ್ಕೆ ಹತ್ತುತ್ತೆ. ಅದನ್ನು ಇಳಿಸಬೇಕಾದ ಗಳಿಗೆ ತಪ್ಪಿತೋ, ತಿರುವು ಮುಗಿದರೂ ಬಂಡಿ ಮೇಲೇ ಉಳಿದಿರುತ್ತೆ. ಅಲ್ಲಿಯವರೆಗೆ ಗೋಡೆಗೆ ಒತ್ತಿ ಹಿಡಿದಿದ್ದ ಬಲ ಇಲ್ಲವಾಗಿ ಅಡ್ಡ ಬೀಳುತ್ತೆ. ಹೆದರಿ ಹಗ್ಗ ಜಾಸ್ತಿ ಎಳೆದರೂ ಕಷ್ಟ, ರನ್ನರ್ ಅಡ್ಡಡ್ಡ ಜಾರಿ ವೇಗವೆಲ್ಲ ಹೋಗುತ್ತೆ. ಮಗುಚಿದ ಮೇಲೆ ಒಳಗಿರೋರು ಮಾಡಬೇಕಾದ್ದು ಒಂದೇ: ತಲೆ ತಗ್ಗಿಸಿ, ಮೈ ಮುದುಡಿ, ಬಂಡಿಯೊಳಗೇ ಇರೋದು. ಆ ವೇಗದಲ್ಲಿ ಭುಜ ಐಸ್‌ಗೆ ತಾಗಿದರೆ ಉಡುಪಿನ ಒಳಗಿನ ಚರ್ಮವೂ ಸುಟ್ಟುಹೋಗುತ್ತೆ.

ನಾಲ್ವರೂ ಎದ್ದು ಬಂಡಿಯ ಪಕ್ಕದಲ್ಲಿ ನಡೆದುಕೊಂಡು ಕೊನೆ ಮುಟ್ಟಿದರು. ಹೆಗಲ ಮೇಲೆ ಹೊತ್ತು ತಂದರು ಅಂತ ನೀನು ಬರೆದಿರೋದು ಇವರ ಕಥೆಯ ಮೇಲೆ ಮಾಡಿದ 'ಕೂಲ್ ರನ್ನಿಂಗ್ಸ್' ಸಿನಿಮಾದ್ದು. ಇವತ್ತಿನ ನಿಯಮದಲ್ಲಿ ಖಾಲಿ ಬಂಡಿಯೇ ಕನಿಷ್ಠ 210 ಕಿಲೊ.

ತೂಕದ ಮಾತು ಬಂತಲ್ಲ, ಜನ ಗಮನಿಸದ ವಿಷಯ ಅಲ್ಲೇ ಇದೆ. ಬಂಡಿ, ನಾಲ್ಕು ಜನ, ಹೆಲ್ಮೆಟ್ಟು, ಶೂ ಎಲ್ಲಾ ಸೇರಿ 630 ಕಿಲೊ ಮೀರಬಾರದು. ಭಾರ ಇದ್ದಷ್ಟೂ ಇಳಿಜಾರಿನಲ್ಲಿ ಲಾಭ, ಹಾಗಾಗಿ ಎಲ್ಲರೂ ಆ ಮಿತಿಯ ಅಂಚಿನಲ್ಲೇ ಇರೋಕೆ ನೋಡ್ತಾರೆ. ಲೆಕ್ಕ ಹಾಕು: ಒಬ್ಬೊಬ್ಬರಿಗೆ ಸುಮಾರು 105 ಕಿಲೊ. ಓಟಗಾರರು ಸಾಮಾನ್ಯವಾಗಿ ಅಷ್ಟು ತೂಗೋದಿಲ್ಲ. ಕಮ್ಮಿ ಬಿದ್ದದ್ದಕ್ಕೆ ಬಂಡಿಗೆ ಭಾರ ಕಟ್ಟಬೇಕು, ಶುರುವಿನಲ್ಲಿ ಆ ಭಾರವನ್ನು ನಿಂತಲ್ಲಿಂದ ತಳ್ಳಿಕೊಂಡು ಓಡಿ ಆಮೇಲೆ ಒಳಗೆ ಹತ್ತೋರೂ ಅವರೇ. 'ಜಮೈಕಾದವರು ಜಗತ್ತಿನ ವೇಗದ ಓಟಗಾರರು, ತಳ್ಳೋದು ಸುಲಭ' ಅನ್ನೋ ವಾದ ಇಲ್ಲೇ ಮುಗ್ಗರಿಸುತ್ತೆ.

ರನ್ನರ್‌ಗಳ ಕಥೆಯೂ ಹಾಗೇ. ಉಕ್ಕಿನ ಪಟ್ಟಿ, ಬಂಡಿಗೆ ನಾಲ್ಕು. ಅದರ ಮೇಲೆ ಯಾವ ಲೇಪನವನ್ನೂ ಹಚ್ಚೋ ಹಾಗಿಲ್ಲ. ಎಮರಿ ಪೇಪರ್‌ನಲ್ಲಿ ಒರಟಿನಿಂದ ನಯಕ್ಕೆ, ಉದ್ದುದ್ದಕ್ಕೇ ಉಜ್ಜಬೇಕು. ಒಂದು ಅಡ್ಡಗೀರು ಉಳಿದರೂ ಮತ್ತೆ ಮೊದಲಿಂದ. ಬಿಸಿ ಮಾಡೋ ಹಾಗೂ ಇಲ್ಲ. ಹೋಲಿಸಿ ನೋಡೋಕೆ ಅಂತ ಹೊರಗೆ ಗಾಳಿಗೆ ಇಟ್ಟಿರೋ ಇನ್ನೊಂದು ರನ್ನರ್‌ಗಿಂತ 4 ಡಿಗ್ರಿಗೂ ಹೆಚ್ಚು ಬಿಸಿ ಇದ್ದರೆ ಸ್ಪರ್ಧೆಯಿಂದ ಹೊರಗೆ. ಶ್ರೀಮಂತ ತಂಡಗಳು ಐಸ್ ಗಟ್ಟಿಯಿದ್ದರೆ ಒಂದು ಜೊತೆ, ಮೆತ್ತಗಿದ್ದರೆ ಇನ್ನೊಂದು ಅಂತ ತರುತ್ತವೆ. ಬಡ ತಂಡ ಇದ್ದದ್ದನ್ನೇ ಉಜ್ಜುತ್ತೆ.

ಆದರೆ ಎಲ್ಲಕ್ಕಿಂತ ದುಬಾರಿ ಅಂದರೆ ಪೈಲಟ್‌ನ ಅನುಭವ. ಮೇಲಿಂದ ಕೆಳಕ್ಕೆ ಒಂದು ಇಳಿಕೆ ಸುಮಾರು ಒಂದು ನಿಮಿಷ. ದಿನಕ್ಕೆ ಎರಡೋ ಮೂರೋ ಸಿಗುತ್ತೆ. ಇನ್ನೂರು ಇಳಿಕೆ ಮುಗಿಸಿದವನು ನಿಜವಾಗಿ ಬಂಡಿ ಓಡಿಸಿರೋದು ಮೂರು ಗಂಟೆ ಚಿಲ್ಲರೆ! ಟ್ರ್ಯಾಕ್ ಇರೋ ದೇಶದ ಹುಡುಗ ಇದನ್ನು ಮನೆ ಹತ್ತಿರವೇ ಕಲಿತಾನೆ. ಜಮೈಕಾದವನು ವಿಮಾನದ ಟಿಕೆಟ್ಟು, ಬಂಡಿಯ ಸಾಗಣೆ, ಹೋಟೆಲು, ಟ್ರ್ಯಾಕ್ ಶುಲ್ಕ ಎಲ್ಲಾ ಕಟ್ಟಿ ಆ ಒಂದೊಂದು ನಿಮಿಷವನ್ನೂ ಕೊಂಡುಕೊಳ್ಳಬೇಕು.

ಈಗ ನನ್ನನ್ನು ಕಾಡ್ತಿರೋ ವಿಷಯ. ಅದೇ ಡಡ್ಲಿ ಸ್ಟೋಕ್ಸ್ ಆರು ವರ್ಷ ಆ ನಿಮಿಷಗಳನ್ನು ಕೂಡಿಸಿದರು. 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ನಾಲ್ವರ ಬಂಡಿಯನ್ನು 14ನೇ ಸ್ಥಾನಕ್ಕೆ ತಂದರು, ಅಮೆರಿಕದವರಿಗಿಂತ ಮುಂದೆ. ಬಾಬ್‌ಸ್ಲೆಡ್ ಗೊತ್ತಿರೋರಿಗೆ ಅದು ದೊಡ್ಡ ಸಾಧನೆ. ಅದರ ವಿಡಿಯೊ ನೀನೂ ಕಳಿಸಲಿಲ್ಲ, ಬೇರೆ ಯಾರೂ ಕಳಿಸಿಲ್ಲ. ಹಾಗಾದರೆ ನಮಗೆ ಇಷ್ಟವಾದದ್ದು ಅವರ ಧೈರ್ಯವೋ, ಅವರು ಹೇಗೂ ಗೆಲ್ಲೋದಿಲ್ಲ ಅನ್ನೋ ಖಾತ್ರಿಯೋ?

2014ರಲ್ಲಿ ಸೋಚಿ ಒಲಿಂಪಿಕ್ಸ್‌ಗೆ ಹೋಗೋಕೆ ಜಮೈಕಾದ ತಂಡ ಜನರಿಂದ ಚಂದಾ ಎತ್ತಬೇಕಾಯ್ತು. 2018ರಲ್ಲಿ ಹೆಣ್ಣುಮಕ್ಕಳ ತಂಡದ ಕೋಚ್ ಕೊನೇ ಗಳಿಗೆಯಲ್ಲಿ ಬಿಟ್ಟುಹೋದಾಗ ಬಂಡಿಯೂ ಕೈತಪ್ಪೋ ಹಾಗಾಯ್ತು. ರೆಡ್ ಸ್ಟ್ರೈಪ್ ಬಿಯರ್ ಕಂಪನಿ ಬಂಡಿಗೆ ದುಡ್ಡು ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಜಮೈಕಾದ ತಂಡದ ಶಾನ್ವೇನ್ ಸ್ಟೀಫನ್ಸ್ ಮತ್ತು ನಿಮ್ರಾಯ್ ಟರ್ಗಾಟ್ ಇಂಗ್ಲೆಂಡಿನ ಪೀಟರ್‌ಬರೋದ ಬೀದಿಯಲ್ಲಿ ಕಾರು ತಳ್ಳಿ ಅಭ್ಯಾಸ ಮಾಡಿದರು. ಜಗತ್ತೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಕಾರು ತಳ್ಳಿದರೆ ಮೊದಲ ಕೆಲವು ಹೆಜ್ಜೆಯ ಬಲ ಬರುತ್ತೆ ನಿಜ, ತಿರುವು ಕಲಿಸೋದಿಲ್ಲ. 2022ರಲ್ಲಿ ಬೀಜಿಂಗ್‌ನಲ್ಲಿ ನಾಲ್ವರ ಬಂಡಿ 28ಕ್ಕೆ 28ನೆಯದು. ಆಗಲೂ ಎಲ್ಲರ ಎದೆ ತುಂಬಿ ಬಂತು.

ನಿಜ ಹೇಳ್ತೀನಿ, ಮಗುಚಿದ ವಿಡಿಯೊ ನೋಡಿದರೆ ನನಗೂ ಗಂಟಲು ಕಟ್ಟುತ್ತೆ, 1994ರ ಫಲಿತಾಂಶದ ಪಟ್ಟಿ ನೋಡಿದರೆ ಕಟ್ಟೋದಿಲ್ಲ. 'ಪಾಪ, ಎಷ್ಟು ಕಷ್ಟಪಟ್ಟರು' ಅನ್ನೋ ಪ್ರೀತಿಯೊಳಗೆ 'ಇವರಿಂದ ಇಷ್ಟೇ' ಅನ್ನೋ ತೀರ್ಪೂ ಕೂತಿರುತ್ತೆ. ಆ ದನಿಯಲ್ಲಿ ಯಾರಾದರೂ ನನ್ನ ಕೆಲಸದ ಬಗ್ಗೆ ಮಾತಾಡಿದರೆ ನನಗೆ ರಾತ್ರಿ ನಿದ್ದೆ ಬರೋದಿಲ್ಲ ಸೀನ. ಇಷ್ಟೆಲ್ಲ ಊರಿಗೇ ಕೇಳೋ ಹಾಗೆ ಬರೆಯೋ ಯೋಚನೆ ಇರಲಿಲ್ಲ.

ಸರಿ, ಬಿಡು. ನಮ್ಮ ನಾಲ್ವರ ತಂಡ ಕಟ್ಟೋದಾದರೆ ಪೈಲಟ್ ನೀನು. ಗಿರೀಶ ಬ್ರೇಕ್‌ಮ್ಯಾನ್: ಎಲ್ಲರಿಗಿಂತ ಕೊನೆಗೆ ಹತ್ತಿ, ತಲೆ ಬಗ್ಗಿಸಿ ಏನೂ ನೋಡದೆ ಕೂತು, ಗೆರೆ ದಾಟಿದ ಮೇಲೆ ಮಾತ್ರ ಲಿವರ್ ಎಳೆಯೋನು. ಅವನೇ ಯಾಕೆ ಅಂತ ನಿನಗೆ ಗೊತ್ತು, ಹೊನ್ನಾವರದ ವ್ಯಾನ್ ಡ್ರೈವರ್‌ಗೂ ಗೊತ್ತು. 105 ಕಿಲೊ ಲೆಕ್ಕಕ್ಕೂ ಅವನು ಸರಿಹೋಗ್ತಾನೆ. ಇದನ್ನು ಓದಿ ಅವನು ಫೋನ್ ಮಾಡಿದರೆ ನೀನೇ ಮಾತಾಡು.

ನಿನ್ನ,
ರಾಘು