ರಸ್ತೆಬದಿಯ ಹೊಗೆಗೆ ಬೇರೆಯೇ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ನಗರದ ಗಾಳಿ ‘ಸಮಾಧಾನಕರ’ ಎಂದು ಓದಿದ ದಿನವೇ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಬಸ್ಸಿಗಾಗಿ ಕಾದೆ. ಎರಡೂ ನಿಜವೇ. ಊರಿನ ಸರಾಸರಿ ಬೇರೆ, ರಸ್ತೆಯ ಅಂಚಿನಲ್ಲಿ ನಿಂತವನ ಉಸಿರು ಬೇರೆ.

ವಾಹನದ ಹೊಗೆ ರಸ್ತೆಯಿಂದ ದೂರ ಸರಿದಂತೆ ಬೇಗ ತೆಳುವಾಗುತ್ತದೆ. ಕೆಲವು ನೂರು ಮೀಟರ್ ಆಚೆಗೆ ಅತಿಸೂಕ್ಷ್ಮ ಕಣಗಳು ಬಹಳಷ್ಟು ಕಡಿಮೆಯಾಗಿರುತ್ತವೆ. ಪ್ರತಿ ರಸ್ತೆಗೂ ಮಾಪಕ ಕೂರಿಸಲಾಗದು. ಅದಕ್ಕೆಂದೇ ವಾಹನಗಳ ಸಂಖ್ಯೆ, ಗಾಳಿಯ ವೇಗ, ದಿಕ್ಕು ಕೊಟ್ಟರೆ ಅಂದಾಜು ಹೇಳುವ ಗಣಿತ ಮಾದರಿಗಳಿವೆ. ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ ರೂಪಿಸಿದ ‘ಕ್ಯಾಲೈನ್–4’ ಎಂಬ ಮಾದರಿ ನಮ್ಮ ದೇಶದ ರಸ್ತೆ ಯೋಜನೆಗಳ ಪರಿಸರ ವರದಿಗಳಲ್ಲೂ ಕಾಣಿಸುತ್ತದೆ. ಬಯಲಿನಲ್ಲಿ ಹಾಯುವ ಹೆದ್ದಾರಿಗೆ ಅದು ಒಪ್ಪುತ್ತದೆ. ಆದರೆ ತಲೆಯ ಮೇಲೆ ಮೇಲ್ಸೇತುವೆ, ಅದರ ಮೇಲೆ ಮೆಟ್ರೊ, ಪಕ್ಕದಲ್ಲಿ ಕಟ್ಟಡಗಳು ಇದ್ದರೆ ಹೊಗೆ ಹೋಗುವುದಾದರೂ ಎಲ್ಲಿಗೆ? ಸಿಗ್ನಲ್‌ನಲ್ಲಿ ಎಂಜಿನ್ ಆರಿಸದೆ ನಿಂತ ಸಾಲು, ಬ್ರೇಕ್ ಮತ್ತು ಟೈರು ಸವೆದು ಏಳುವ ದೂಳು ಲೆಕ್ಕದಿಂದ ಜಾರಿದರೆ ಅಂದಾಜು ತಗ್ಗುವುದು ಖಚಿತ. ಚಳಿಗಾಲದ ಬೆಳಿಗ್ಗೆ ತಣ್ಣನೆಯ ಗಾಳಿ ನೆಲಕ್ಕಂಟಿಕೊಂಡಾಗ ಅಷ್ಟೇ ವಾಹನಗಳು ಇನ್ನಷ್ಟು ಉಸಿರುಗಟ್ಟಿಸುತ್ತವೆ. ಶಾಲೆಯ ಮಕ್ಕಳು ರಸ್ತೆಯಲ್ಲಿರುವುದೂ ಅದೇ ಹೊತ್ತಿಗೆ.

ಪಿಎಂ 2.5, ಅಂದರೆ 2.5 ಮೈಕ್ರೊಮೀಟರ್ ಇಲ್ಲವೇ ಅದಕ್ಕಿಂತ ಸಣ್ಣ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅಷ್ಟು ಸಡಿಲ ಮಿತಿಯನ್ನೂ ಸರಾಸರಿಯ ಮರೆಯಲ್ಲಿ ದಾಟಬೇಕೆ? ಹೊಸ ಮೇಲ್ಸೇತುವೆಗೆ ಅನುಮತಿ ನೀಡುವ ಮುನ್ನ, ಅದರ ಕೆಳಗಿನ ಬಸ್ ನಿಲ್ದಾಣದಲ್ಲಿ ನಿಲ್ಲುವವರ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಿಸಿ, ಕನ್ನಡದಲ್ಲಿ ಪ್ರಕಟಿಸಲಿ.

– ನಿವೃತ್ತ ಭೌತವಿಜ್ಞಾನ ಶಿಕ್ಷಕ, ಬೆಂಗಳೂರು